ನಾನು ತಿನ್ನುವುದು ಹುತ್ತದ ಅಣಬೆ ಒಂದನ್ನೇ

ಮಿರಗ ಮಳೆ ಚೆನ್ನಾಗಿ ಬಿದ್ದು ಆರಿದ್ರ ಹಿಡಿದುಕೊಂಡರೆ ಸಾಕು, ಕಲಘಟಗಿ, ಅಳ್ನಾವರ ಕಡೆ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಗಳ ಬದುವಿನಲ್ಲಿ ಅಣಬೆ ಏಳಲು ಶುರುವಾಗುತ್ತದೆ. ನವಲಗುಂದದ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ನನಗೆ ಅಷ್ಟಾಗಿ ಸಿಕ್ಕಿಲ್ಲ. ಹಾಗಾಗಿ ಮಳೆಗಾಲದಲ್ಲಿ ನನ್ನ ತಿರುಗಾಟವೆಲ್ಲ ಧಾರವಾಡದ ಪಡುವಣಕ್ಕೇ. ಕಣ್ಣಿಗೆ ಬೀಳುವ ಬಗೆಗಳು ಹತ್ತಾರು. ಎಲ್ಲವನ್ನೂ ಕೂತು ನೋಡುತ್ತೇನೆ, ಬುಡ ಕೆದರುತ್ತೇನೆ, ಫೋಟೋ ತೆಗೆಯುತ್ತೇನೆ. ಮನೆಗೆ ತಂದು ತಿನ್ನುವುದು ಮಾತ್ರ ಹುತ್ತದ ಅಣಬೆ. ಜೊತೆಗೆ ಬರುವ ಗೆಳೆಯರು ನಗುತ್ತಾರೆ. ನಗಲಿ ಬಿಡಿ.

ಬುಡ ನೋಡುವ ರೂಢಿ ಹತ್ತಿಸಿದ್ದು ಅಲ್ಲೇ ದನ ಕಾಯುತ್ತಿದ್ದ ಒಬ್ಬ ಹಿರಿಯರು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ, "ಕಾಕಾ, ಈ ಅಣಬಿ ತಿನ್ನಾಕ ಬರತೈತೇನ್ರೀ?" ಅಂತ ಕೇಳಿದ್ದೆ. "ಬುಡ ಎಲ್ಲೈತೋ ಇದರದು? ಬರೇ ಛತ್ರಿ ನೋಡಿ ಏನ್ ಹೇಳ್ಲಿ ತಮ್ಮಾ" ಅಂದರು. ಆಮೇಲೆ ಕಳೆ ಕೀಳುವ ಕುರ್ಚಿಗಿ ತಗೊಂಡು ಒಂದು ಅಣಬೆಯ ಸುತ್ತ ಮಣ್ಣು ಬಿಡಿಸತೊಡಗಿದರು. ಕಾಂಡ ನೆಲದ ಮಟ್ಟಕ್ಕೆ ಮುಗಿಯಲೇ ಇಲ್ಲ. ಸಣ್ಣಗಾಗುತ್ತಾ, ಬೇರಿನ ಹಾಗೆ ಕೆಳಗೆ ಇಳಿಯುತ್ತಲೇ ಹೋಯಿತು. ಮೊಣಕೈ ಮುಳುಗುವಷ್ಟು ಆಳದಲ್ಲಿ ಗೆದ್ದಲಿನ ಗೂಡು ಸಿಕ್ಕಿತು.

ಆ ಗೂಡಿನೊಳಗೆ ತೂತು ತೂತಾದ, ಕಂದು ಬಣ್ಣದ ಗಡ್ಡೆಯಂಥದ್ದು ಇರುತ್ತದೆ. ಗೆದ್ದಲು ಒಣ ಎಲೆ, ಕಟ್ಟಿಗೆ ತಿಂದು ತನ್ನ ಹಿಕ್ಕೆಯಿಂದಲೇ ಅದನ್ನು ಕಟ್ಟುತ್ತದೆ. ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಅರಗದ ನಾರನ್ನು ಶಿಲೀಂಧ್ರ ಕರಗಿಸಿ ಕೊಡುತ್ತದೆ, ಗೆದ್ದಲು ಅದಕ್ಕೆ ಮನೆ ಕೊಟ್ಟು ಸಾಕುತ್ತದೆ. ಮಳೆಗಾಲದಲ್ಲಿ ಮೇಲೆ ಬರುವ ಕೊಡೆ ಆ ಶಿಲೀಂಧ್ರದ್ದೇ. ವಿಜ್ಞಾನಿಗಳು ಈ ಗುಂಪಿಗೆ ಟರ್ಮಿಟೋಮೈಸಿಸ್ ಅನ್ನುತ್ತಾರೆ. ಚಿಪ್ಪಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆದ ಹಾಗೆ ಇದನ್ನು ಶೆಡ್ಡಿನಲ್ಲಿ ಬೆಳೆಯೋಕೆ ಆಗುವುದಿಲ್ಲ, ಗೆದ್ದಲೇ ಬೇಕು. ಹುತ್ತ ಹಾಳಾಗದಿದ್ದರೆ ಮರುವರ್ಷ ಅದೇ ಜಾಗದಲ್ಲಿ ಮತ್ತೆ ಏಳುವುದೂ ಇದಕ್ಕೇ. ಮೇಲೆ ಹುತ್ತ ಕಾಣಲೇಬೇಕು ಅಂತೇನಿಲ್ಲ, ಎಷ್ಟೋ ಗೂಡು ಪೂರ್ತಿ ನೆಲದೊಳಗೇ ಇರುತ್ತವೆ.

ನನ್ನ ಮೊದಲ ಪರೀಕ್ಷೆ ಈ ಉದ್ದ ಬೇರು. ಪ್ರತಿ ಜಾಗದಲ್ಲೂ ಒಂದನ್ನಾದರೂ ಅಗೆದು ನೋಡಲೇಬೇಕು. ಎರಡನೆಯದು ಕೊಡೆಯ ನಡುವಿನ ಮೊನೆ. ಗಟ್ಟಿ ನೆಲ ಒಡೆದು ಬರಬೇಕಲ್ವಾ, ಅಲ್ಲಿ ಚೂಪಾಗಿ, ಗಟ್ಟಿಯಾಗಿ, ಹೆಚ್ಚಾಗಿ ಕಪ್ಪಗೆ ಇರುತ್ತದೆ. ಕೊಡೆಯ ಅಡಿಯ ಪದರಗಳು ಮೊದಲು ಬಿಳಿ, ಬಲಿತ ಮೇಲೆ ಸ್ವಲ್ಪ ಗುಲಾಬಿ. ಕಾಂಡದ ಮೇಲಿನ ಉಂಗುರವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹುತ್ತದ ಅಣಬೆಗಳಲ್ಲೇ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇಲ್ಲ. ವಿಷದವುಗಳಲ್ಲೂ ಇರುತ್ತದೆ.

ಅಕ್ಕಿ ಚೆಲ್ಲಿದ ಹಾಗೆ ನೂರಾರು ಒಟ್ಟಿಗೆ ಏಳುವ ಪುಟ್ಟ ಜಾತಿಯೂ ಇದೇ ಗುಂಪಿನದು. ಬಹಳ ಜನ ತಿನ್ನುತ್ತಾರೆ. ಅದಕ್ಕೆ ಉದ್ದ ಬೇರು ಇರುವುದಿಲ್ಲ. ನನ್ನ ಮೊದಲ ಪರೀಕ್ಷೆಗೇ ಸಿಗುವುದಿಲ್ಲವಲ್ಲ, ಬಿಟ್ಟುಬಿಡುತ್ತೇನೆ.

ಹೊಸ ಜಾಗದ್ದಾದರೆ ರಾತ್ರಿ ಇನ್ನೊಂದು ಕೆಲಸ. ಬಿರಿದ ಕೊಡೆಯೊಂದರ ಕಾಂಡ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಪದರ ಕೆಳಗಾಗಿ ಇಟ್ಟು, ಮೇಲೆ ಬಟ್ಟಲು ಮುಚ್ಚುತ್ತೇನೆ. ಬೆಳಿಗ್ಗೆಗೆ ಅದರ ಬೀಜಾಣು ಪುಡಿಯಾಗಿ ಉದುರಿರುತ್ತದೆ. ಹುತ್ತದ ಅಣಬೆಯದು ತಿಳಿ ಗುಲಾಬಿ. ಹಸಿರು ಬಂದರೆ ಮುಟ್ಟಬಾರದು. ಹುಲ್ಲುಹಾಸಿನಲ್ಲಿ, ಗೊಬ್ಬರದ ನೆಲದಲ್ಲಿ ಏಳುವ ದೊಡ್ಡ ಬಿಳಿ ಅಣಬೆ ಅದು, ಕ್ಲೋರೋಫಿಲ್ಲಮ್ ಅಂತ. ಎಳೆಯದಾಗಿದ್ದಾಗ ಅದರ ಪದರವೂ ಬಿಳಿಯೇ, ನೋಡೋಕೆ ಬಹಳ ಚೆಂದ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಹಿಡಿಯುತ್ತದೆ.

ಅದಕ್ಕಿಂತ ನನಗೆ ಜಾಸ್ತಿ ಭಯ ಅಮಾನಿಟಾ ಗುಂಪಿನದು. ಇದರ ಪುಡಿ ಬಿಳಿ. ಬುಡದಲ್ಲಿ ಹೆಚ್ಚಾಗಿ ಚೀಲದಂಥ ಹೊದಿಕೆ ಇರುತ್ತದೆ, ಮೇಲಿಂದ ಕಿತ್ತರೆ ಆ ಚೀಲ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಇದರಲ್ಲಿ ಕೆಲವು ಜಾತಿ ಜೀವಕ್ಕೇ ಕುತ್ತು. ತಿಂದು ಆರು ಗಂಟೆ, ಕೆಲವೊಮ್ಮೆ ಇಡೀ ದಿನ ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಅದೂ ನಿಂತು ಆರಾಮಾದೆ ಅನ್ನಿಸುವಾಗ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಕುದಿಸಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಅಣಬೆ ಬೇಯುವಾಗ ಹಾಕಿದ ಬೆಳ್ಳಿ ಉಂಗುರ ಕಪ್ಪಾಗದಿದ್ದರೆ ಒಳ್ಳೆಯದು, ಬೆಳ್ಳುಳ್ಳಿ ಬಣ್ಣ ಬದಲಾಗದಿದ್ದರೆ ಒಳ್ಳೆಯದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಅಂತೆಲ್ಲ ಹೇಳುತ್ತಾರೆ. ಒಂದನ್ನೂ ನಂಬಬೇಡಿ. ಹುಳಕ್ಕೆ ಏನೂ ಮಾಡದ ವಿಷ ಮನುಷ್ಯನನ್ನು ಕೊಲ್ಲಬಹುದು. ವಾಟ್ಸಾಪಿಗೆ ಫೋಟೋ ಹಾಕಿ "ಇದು ತಿನ್ನಬಹುದಾ?" ಅಂತ ಕೇಳುವವರಿಗೆ ನಾನು ಹೂಂ ಅನ್ನುವುದೂ ಇಲ್ಲ, ಊಹೂಂ ಅನ್ನುವುದೂ ಇಲ್ಲ.

ಒಂದನ್ನು ಅಗೆದು ಖಾತ್ರಿ ಮಾಡಿಕೊಂಡ ಮೇಲೆ ಉಳಿದವನ್ನು ಚಾಕುವಿನಿಂದ ನೆಲದ ಮಟ್ಟಕ್ಕೆ ಕೊಯ್ಯುತ್ತೇನೆ. ಅಗೆದ ಕುಣಿಯನ್ನು ಮುಚ್ಚುತ್ತೇನೆ. ಪೂರ್ತಿ ಬಿರಿದವನ್ನು ಹಾಗೇ ಬಿಡುತ್ತೇನೆ. ಅವುಗಳ ಬೀಜಾಣು ನೆಲಕ್ಕೆ ಬಿದ್ದರೆ ತಾನೇ ಹೊಸ ಗೂಡು ಕಟ್ಟುವ ಗೆದ್ದಲಿಗೆ ಸಿಗುವುದು. ಪೂಜೆ ನಡೆಯುವ ಹುತ್ತದ ಹತ್ತಿರ ಕುರ್ಚಿಗಿ ಹಾಕುವುದಿಲ್ಲ. ನಾಗರ ಪಂಚಮಿ ದಿನವಂತೂ ಎಲ್ಲೂ ನೆಲ ಕೆದರುವುದಿಲ್ಲ. ನಂಬಿಕೆ ಒಂದು ಕಡೆ, ಹುತ್ತದ ತೂತಿನೊಳಗೆ ಬರಿಗೈ ಹಾಕುವುದಂತೂ ಯಾವತ್ತೂ ಬೇಡ. ಹೊಲದವರನ್ನು ಕೇಳಿಯೇ ಇಳಿಯಬೇಕು. ಕೇಳಿದರೆ ಔಷಧಿ ಹೊಡೆದಿದ್ದಾರೋ ಇಲ್ಲವೋ ಅನ್ನುವುದೂ ತಿಳಿಯುತ್ತದೆ. ಗೋವಿನಜೋಳ, ಹತ್ತಿ ಹೊಲಗಳಲ್ಲಿ ಇದು ಮುಖ್ಯ. ಗದಗದ ಕಪ್ಪತಗುಡ್ಡ ವನ್ಯಜೀವಿ ಧಾಮ, ಅಲ್ಲಿ ಬುಟ್ಟಿ ಹಿಡಿದು ಹೋಗುವ ಹಾಗಿಲ್ಲ.

ಕೊಯ್ದದ್ದನ್ನು ಅವತ್ತೇ ಮಾಡಬೇಕು. ಮರುದಿನಕ್ಕೆ ಇಟ್ಟರೆ ಹುಳ ಬೀಳುತ್ತವೆ. ಶೇಂಗಾ ಎಣ್ಣೆಯಲ್ಲಿ ಉಳ್ಳಾಗಡ್ಡಿ, ಜಜ್ಜಿದ ಬೆಳ್ಳುಳ್ಳಿ, ಮಸಾಲಿ ಖಾರ ಹಾಕಿ, ಬಿಟ್ಟ ನೀರು ಆರುವ ತನಕ ಬೇಯಿಸಿದರೆ ಬಿಸಿ ರೊಟ್ಟಿಗೆ ಬೇರೇನೂ ಬೇಡ. ಮೊದಲ ಸಲ ತಿನ್ನುವವರಿಗೆ ಎರಡು ತುತ್ತು ಮಾತ್ರ. ಒಂದು ಇಡೀ ಅಣಬೆಯನ್ನು ಬುಡ ಸಮೇತ ಕಾಗದದಲ್ಲಿ ಸುತ್ತಿ ಎರಡು ದಿನ ಫ್ರಿಜ್‌ನಲ್ಲಿ ಇಟ್ಟಿರುತ್ತೇನೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಡಾಕ್ಟರಿಗೆ ತೋರಿಸಲು ಬೇಕಲ್ವಾ. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಅಣಬೆ ಮಾಡುವುದಿಲ್ಲ. ಆ ತಿಂಗಳು ಸಿಕ್ಕದ್ದೆಲ್ಲ ಹೊಲದವರ ಮನೆಗೇ.