ಐರ್ಲೆಂಡಿನ ಹಳ್ಳಿಮನೆಗಳ ಜೊಂಡು ದೀಪ ಮಾಡುವ ಬಗೆ

ಐರ್ಲೆಂಡಿನಲ್ಲಿ ಹಳ್ಳಿಗಳಿಗೆ ಕರೆಂಟ್ ಎಳೆಯುವ ಯೋಜನೆಯ ಮೊದಲ ಕಂಬ ನೆಟ್ಟಿದ್ದು 1946ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಸೀಮೆಎಣ್ಣೆ ದೀಪ ಇತ್ತು. ಅದೂ ಇಲ್ಲದ ಕಾಲದಲ್ಲಿ, ಒಲೆಯ ಪೀಟ್ (ಜೌಗು ನೆಲದಿಂದ ಕಡಿದು ಒಣಗಿಸಿದ, ಮಣ್ಣಿನಂಥ ಉರುವಲು) ಬೆಂಕಿಯ ಬೆಳಕು ಸಾಲದಿದ್ದಾಗ ಬಡವರ ಮನೆಯವರು ಹಚ್ಚುತ್ತಿದ್ದುದು ಜೊಂಡು ದೀಪ. ಗದ್ದೆಯ ಕಳೆ, ಅಡುಗೆಮನೆಯಲ್ಲಿ ಉಳಿದ ಕೊಬ್ಬು, ಇಷ್ಟೇ ಬಂಡವಾಳ. ದುಡ್ಡು ಕೊಟ್ಟು ತರುವಂಥದ್ದು ಏನೂ ಇಲ್ಲ.

ಬೇಕಾದ್ದು ನೀರು ನಿಲ್ಲುವ ಹುಲ್ಲುಗಾವಲಲ್ಲಿ ಬೆಳೆಯುವ ಜೊಂಡು. ಎಲೆಯಿಲ್ಲದ ದುಂಡನೆಯ ಹಸಿರು ಕಡ್ಡಿ, ಸೀಳಿದರೆ ಒಳಗೆ ಸ್ಪಂಜಿನಂಥ ಬಿಳಿ ತಿರುಳು. ಬೇಸಿಗೆ ಮುಗಿಯುವ ಹೊತ್ತಿಗೆ ಚೆನ್ನಾಗಿ ಬಲಿತಿರುತ್ತದೆ. ಉದ್ದ ಮತ್ತು ದಪ್ಪ ಇರುವುದನ್ನೇ ಆರಿಸಿ ಕೊಯ್ಯಿರಿ, ತುದಿ ಕತ್ತರಿಸಿ, ತಕ್ಷಣ ನೀರಲ್ಲಿ ಹಾಕಿಡಿ. ಒಣಗಿಬಿಟ್ಟರೆ ಸಿಪ್ಪೆ ಬರುವುದೇ ಇಲ್ಲ.

ಕಷ್ಟದ ಕೆಲಸ ಅಂದರೆ ಸುಲಿಯುವುದೇ. ಬುಡದಲ್ಲಿ ಉಗುರಿನಿಂದ ಸಿಪ್ಪೆ ಎಬ್ಬಿಸಿ, ಮೆಲ್ಲಗೆ ಎಳೆಯುತ್ತಾ ಹೋಗಿ, ಆದರೆ ಪೂರ್ತಿ ತೆಗೆಯಬೇಡಿ. ಬುಡದಿಂದ ತುದಿಯವರೆಗೆ ಸಿಪ್ಪೆಯ ಒಂದೇ ಒಂದು ಸಣ್ಣ ಪಟ್ಟಿ ಉಳಿಯಬೇಕು. ಬರೀ ತಿರುಳಿಗೆ ನಿಲ್ಲುವ ಶಕ್ತಿ ಇಲ್ಲ, ಪಟ್ಟಿ ಅದಕ್ಕೆ ಬೆನ್ನುಮೂಳೆ. ಹಾಗಂತ ಸಿಪ್ಪೆ ಜಾಸ್ತಿ ಬಿಟ್ಟರೆ ಕೊಬ್ಬು ಒಳಗೆ ಇಳಿಯುವುದಿಲ್ಲ, ದೀಪ ಮಂಕಾಗುತ್ತದೆ. ಮೊದಲ ಹತ್ತಿಪ್ಪತ್ತು ಕಡ್ಡಿ ಮುರಿದೇ ಮುರಿಯುತ್ತವೆ, ಅದಕ್ಕೆ ಸುಮ್ನೆ ಜಾಸ್ತಿನೇ ಕೊಯ್ದಿಟ್ಟುಕೊಳ್ಳಿ. ಸುಲಿದದ್ದನ್ನು ಗಾಳಿಯಾಡುವ ಕಡೆ ಕೆಲವು ದಿನ ಒಣಗಿಸಿ.

ಕೊಬ್ಬು ಯಾವುದಾದರೂ ಆದೀತು, ಆದರೆ ಕುರಿಯದ್ದೇ ವಾಸಿ. ಅದು ಆರಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಉಪ್ಪು ಹಾಕಿಟ್ಟ ಹಂದಿಮಾಂಸದ ಕೊಬ್ಬು ಚಟಪಟ ಸಿಡಿಯುತ್ತದೆ. ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಕರಗಿಸಿ, ಸೋಸಿಕೊಳ್ಳಿ. ಸ್ವಲ್ಪ ಜೇನುಮೇಣ ಸೇರಿಸಿದರೆ ಇನ್ನೂ ಒಳ್ಳೆಯದು. ಇದಕ್ಕೆಂದೇ ಅವರ ಹತ್ತಿರ ಗ್ರಿಸೆಟ್ ಅನ್ನುವ ಕಬ್ಬಿಣದ ಪಾತ್ರೆ ಇರುತ್ತಿತ್ತು: ದೋಣಿಯಾಕಾರ, ಮೂರು ಗಿಡ್ಡ ಕಾಲು, ಕೆಂಡದ ಮೇಲೆ ಹಾಗೇ ಇಡಬಹುದು. ಉದ್ದನೆಯ ಬ್ರೆಡ್ ಟಿನ್ ಇದ್ದರೂ ನಡೆಯುತ್ತದೆ, ಕಡ್ಡಿ ಬಗ್ಗದೆ ಮುಳುಗಬೇಕು ಅಷ್ಟೇ ಅಲ್ವಾ. ತಿರುಳು ಚೆನ್ನಾಗಿ ಕೊಬ್ಬು ಕುಡಿದ ಮೇಲೆ ಎತ್ತಿ, ಮರದ ತೊಗಟೆಯ ಮೇಲೆ ಸಾಲಾಗಿ ಹರಡಿ. ಬಿಸಿ ಕೊಬ್ಬಿಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಮುಚ್ಚಳ ಮುಚ್ಚಿ.

ಹಚ್ಚುವುದಕ್ಕೂ ಒಂದು ರೀತಿ ಇದೆ. ಮರದ ತುಂಡಿಗೆ ಸಿಕ್ಕಿಸಿದ ಕಬ್ಬಿಣದ ಇಕ್ಕಳದಲ್ಲಿ ಕಡ್ಡಿಯನ್ನು ಓರೆಯಾಗಿ, ಹೆಚ್ಚುಕಮ್ಮಿ 45 ಡಿಗ್ರಿಯಲ್ಲಿ ಹಿಡಿಸುತ್ತಿದ್ದರು. ಮಲಗಿಸಿದರೆ ಬೇಗ ಉರಿದು ಮುಗಿಯುತ್ತದೆ, ನೆಟ್ಟಗೆ ನಿಲ್ಲಿಸಿದರೆ ಬೆಳಕು ಕಮ್ಮಿ. ಒಂದು ಅಡಿ ಕಡ್ಡಿ ಸುಮಾರು ಕಾಲು ಗಂಟೆ ಉರಿಯುತ್ತದೆ. ಉರಿ ಇಕ್ಕಳದ ಹತ್ತಿರ ಬಂದಾಗಲೆಲ್ಲ ಮೇಲಕ್ಕೆ ಸರಿಸುತ್ತಿರಬೇಕು, ಹಾಗಾಗಿ ಹಚ್ಚಿಟ್ಟು ಮರೆತುಬಿಡುವ ದೀಪ ಇದಲ್ಲ. ಕೊಬ್ಬು ತೊಟ್ಟಿಕ್ಕುತ್ತದೆ, ಕೆಳಗೆ ತಟ್ಟೆ ಇಡಿ.

ಉಳಿದ ಕಡ್ಡಿಗಳನ್ನು ತಂಪಾದ, ಒಣಗಿದ ಜಾಗದಲ್ಲಿ ಮುಚ್ಚಳವಿರುವ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಇಲಿಗಳು ತಿಂದು ಮುಗಿಸುತ್ತವೆ.