ಫ್ಯಾನ್ ನಿಲ್ಲದ ಕಾರು: ಕೂಲಂಟ್ ಸೆನ್ಸರ್ ಕೆಟ್ಟಿದೆಯಾ ಅಂತ ನೋಡೋದು ಹೀಗೆ

ಕಳೆದ ಆಷಾಢದಲ್ಲಿ ಸಕಲೇಶಪುರದ ಕಡೆಯ ಮೇಷ್ಟ್ರೊಬ್ಬರು ಹಾಸನದ ನನ್ನ ಗ್ಯಾರೇಜಿಗೆ ಕಾರು ತಂದರು. ಎಂಟು ವರ್ಷದ ಪೆಟ್ರೋಲ್ ಗಾಡಿ. ಬೆಳಿಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಬೇರೊಂದು ಕಡೆ ಪ್ಲಗ್, ಪೆಟ್ರೋಲ್ ಪಂಪ್ ಎರಡೂ ಬದಲಾಯಿಸಿ, ಚೆಕ್ ಇಂಜಿನ್ ಲೈಟ್ ಆರಿಸಿ ಕಳಿಸಿದ್ದರಂತೆ. ಎರಡೇ ದಿನಕ್ಕೆ ಲೈಟ್ ಮತ್ತೆ ಹತ್ತಿತ್ತು.

ನಾನು ಇಂಜಿನ್ ಸ್ಟಾರ್ಟ್ ಮಾಡಿದೆ. ಇಂಜಿನ್ ಇನ್ನೂ ತಣ್ಣಗಿದೆ, ಆಗಲೇ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಿದೆ.

‘ಮೇಷ್ಟ್ರೇ, ಈ ಫ್ಯಾನ್ ಯಾವಾಗಿಂದ ಹೀಗೆ?’

‘ಒಂದು ತಿಂಗಳಾಯ್ತಪ್ಪಾ. ಇಂಜಿನ್ ತಣ್ಣಗಿದ್ರೆ ಒಳ್ಳೇದೇ ಅಲ್ವಾ ಅಂತ ಸುಮ್ನಿದ್ದೆ.’

ಗಾಡಿ ಅಷ್ಟು ದಿನದಿಂದ ಹೇಳುತ್ತಿದ್ದದ್ದು ಇದನ್ನೇ. ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಬಿಸಿ ಎಷ್ಟು ಅಂತ ಇಸಿಯುಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ತಿಳಿಯದೇ ಹೋದರೆ, ಇಂಜಿನ್ ಸುಟ್ಟು ಹೋಗಬಾರದು ಅಂತ ಹೆಚ್ಚಿನ ಗಾಡಿಗಳಲ್ಲಿ ಅದು ಫ್ಯಾನ್ ಹಾಕಿಬಿಡುತ್ತದೆ. ಪೆಟ್ರೋಲ್ ಎಷ್ಟು ಬಿಡಬೇಕು ಅನ್ನೋದಕ್ಕೆ ಒಂದು ಅಂದಾಜು ಲೆಕ್ಕ ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದ ಬೆಳಿಗ್ಗೆಗೆ ಆ ಅಂದಾಜು ಸಾಲುವುದಿಲ್ಲ.

ಆ ಬಿಸಿ ಅಳೆಯುವ ಕೂಲಂಟ್ ಸೆನ್ಸರ್ ಒಳಗೆ ಇರೋದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಡಿಮೆ ಆಗುವ ಒಂದು ಚಿಕ್ಕ ಚೂರು. ಇಸಿಯು 5 ವೋಲ್ಟ್ ಕಳಿಸುತ್ತದೆ, ಅದರಲ್ಲಿ ಸೆನ್ಸರ್ ಮೇಲೆ ಎಷ್ಟು ಉಳಿಯಿತು ಅಂತ ನೋಡಿ ಬಿಸಿಯನ್ನು ಲೆಕ್ಕ ಹಾಕುತ್ತದೆ. ತಣ್ಣಗಿದ್ದರೆ ವೋಲ್ಟೇಜ್ ಜಾಸ್ತಿ, ಬಿಸಿಯಾದರೆ ಕಡಿಮೆ. ಇಷ್ಟು ಗೊತ್ತಿದ್ದರೆ ಮನೆಯಲ್ಲೇ ಪತ್ತೆ ಮಾಡಬಹುದು. ಒಂದು ಮಲ್ಟಿಮೀಟರ್, ಇಸಿಯು ಹೇಳೋದನ್ನು ಮೊಬೈಲ್ ಆ್ಯಪಿನಲ್ಲಿ ತೋರಿಸುವ ಓಬಿಡಿ ಅಡಾಪ್ಟರ್ ಇದ್ದರೆ ಸಾಕು. ಅಡಾಪ್ಟರ್ ಹಾಕುವ 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗಿರುತ್ತದೆ.

ಮೊದಲು ಕೂಲಂಟ್ ಮಟ್ಟ ನೋಡಿ, ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ಬಿಸಿ ರೇಡಿಯೇಟರ್ ಕ್ಯಾಪ್ ತೆಗೆಯಲು ಹೋಗಿ ಮುಖ, ಕೈ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಕೂಲಂಟ್ ಕಡಿಮೆ ಇದ್ದರೆ ಸೆನ್ಸರ್ ತುದಿ ಗಾಳಿಯಲ್ಲಿ ನಿಂತು ತಪ್ಪು ಲೆಕ್ಕ ಕೊಡುತ್ತದೆ. ಆಗ ಸೆನ್ಸರನ್ನು ದೂರಿ ಪ್ರಯೋಜನವಿಲ್ಲ.

ಆಮೇಲೆ ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ, ಇಂಜಿನ್ ಸ್ಟಾರ್ಟ್ ಮಾಡದೆ, ಕೀ ಆನ್ ಮಾಡಿ. ಆ್ಯಪಿನಲ್ಲಿ ಕೂಲಂಟ್ ಬಿಸಿ, ಒಳಗೆ ಬರುವ ಗಾಳಿಯ ಬಿಸಿ ಎರಡನ್ನೂ ನೋಡಿ. ಎರಡೂ ಹತ್ತಿರ ಹತ್ತಿರ ಇರಬೇಕು. ಗಾಳಿ 22 ಡಿಗ್ರಿ, ಕೂಲಂಟ್ 55 ಅಂತ ಬಂದರೆ ಒಂದು ಸುಳ್ಳು ಹೇಳುತ್ತಿದೆ. ನನಗೆ ಅತಿ ಹೆಚ್ಚು ನಂಬಿಕೆ ಇರುವ ಪರೀಕ್ಷೆ ಇದು. ಲೈಟ್ ಹತ್ತದೆ ಸುಮ್ಮನೆ ಮೈಲೇಜ್ ತಿನ್ನುವ ಸೆನ್ಸರ್ ಸಿಕ್ಕಿಬೀಳೋದು ಇಲ್ಲೇ. ತಣ್ಣಗಿದೆ ಅಂತ ಸುಳ್ಳು ಹೇಳುವ ಸೆನ್ಸರ್ ಇದ್ದರೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ, ಪೆಟ್ರೋಲ್ ವಾಸನೆ.

ಆ್ಯಪಿನಲ್ಲಿ ಇಸಿಯು ಬರೆದಿಟ್ಟ ದೋಷದ ಕೋಡನ್ನೂ ನೋಡಿ. ಪಿ0118 ಬಂದು ಮೈನಸ್ 40 ತೋರಿಸಿದರೆ ವೈರ್ ಎಲ್ಲೋ ತುಂಡಾಗಿದೆ ಅಥವಾ ಕಪ್ಲರ್ (ಸೆನ್ಸರಿಗೆ ವೈರ್ ಸೇರಿಸುವ ಕನೆಕ್ಟರ್) ಕೂತಿಲ್ಲ. ಪಿ0117 ಬಂದು 130ರ ಮೇಲೆ ತೋರಿಸಿದರೆ ಶಾರ್ಟ್ ಆಗಿದೆ. ಪಿ0128 ಆದರೆ ಮೊದಲು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ವಾಲ್ವ್ ನೋಡಿ. ಅದು ತೆರೆದೇ ನಿಂತರೆ ಇಂಜಿನ್ ನಿಜವಾಗಿಯೂ ಬಿಸಿಯಾಗುವುದಿಲ್ಲ, ಸೆನ್ಸರ್ ಹೇಳುತ್ತಿರೋದು ನಿಜ.

ಮೇಷ್ಟ್ರ ಗಾಡಿಯಲ್ಲಿ ಮೈನಸ್ 40 ಇತ್ತು. ಸಕಲೇಶಪುರ ಎಷ್ಟೇ ಚಳಿಯಾದರೂ ಅಷ್ಟು ಚಳಿಯಲ್ಲ! ಕಪ್ಲರ್ ಬಿಚ್ಚಿ ಟಾರ್ಚ್ ಹಿಡಿದೆ. ಎರಡು ಪಿನ್ನಿನಲ್ಲಿ ಒಂದು ಹೊಳೆಯುತ್ತಿತ್ತು. ಇನ್ನೊಂದರ ಮೇಲೆ ಹಳೇ ತಾಮ್ರದ ಚೊಂಬಿನ ಹಾಗೆ ಹಸಿರು ಕಿಲುಬು. ಬ್ಯಾಟರಿ ಬಿಚ್ಚಿಟ್ಟು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಬ್ರಷ್‌ನಲ್ಲಿ ಉಜ್ಜಿದೆ. ಪಿನ್ ಹಿಡಿತ ಸರಿಮಾಡಿ, ಒಣಗಿಸಿ ಕೂರಿಸಿದೆ. ಕೀ ಹಾಕಿದರೆ 24 ಡಿಗ್ರಿ. ಗಾಳಿಯೂ 24. ಸೆನ್ಸರಿಗೆ ಏನೂ ಆಗಿರಲಿಲ್ಲ.

ಕಿಲುಬು ಇಲ್ಲದಿದ್ದರೆ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ವೈರ್ ಕಡೆಯ ಎರಡು ಪಿನ್ ನಡುವೆ ವೋಲ್ಟೇಜ್ ನೋಡಿ. ಎರಡು ವೈರಿನ ಸೆನ್ಸರಾದರೆ ಸುಮಾರು 5 ಬರಬೇಕು. ಬಂದರೆ ಒಂದು ತುಂಡು ವೈರಿನಿಂದ ಆ ಎರಡು ಪಿನ್ನನ್ನೇ ಒಂದು ಕ್ಷಣ ಸೇರಿಸಿ. ಆ್ಯಪಿನಲ್ಲಿ ಮೈನಸ್ 40 ಇದ್ದದ್ದು ಒಮ್ಮೆಗೇ ಮೇಲಕ್ಕೆ ಜಿಗಿದರೆ ವೈರಿಂಗ್, ಇಸಿಯು ಎರಡೂ ಸರಿ ಇವೆ. ಜಿಗಿಯದಿದ್ದರೆ ವೈರ್ ಹಿಡಿದು ಹುಡುಕುತ್ತಾ ಹೋಗಿ. ನಮ್ಮ ಕಡೆ ಇಲಿ ಕಡಿದದ್ದೇ ಜಾಸ್ತಿ.

ಇನ್ನು ಸೆನ್ಸರ್. ಇಂಜಿನ್ ತಣ್ಣಗಿರುವಾಗ ಬಿಚ್ಚಿ, ಸ್ವಲ್ಪ ಕೂಲಂಟ್ ಸೋರುತ್ತದೆ, ಕೆಳಗೆ ಬೇಸಿನ್ ಇಡಿ. ಹಳೇ ಪಾತ್ರೆಯಲ್ಲಿ ನೀರು, ಜೊತೆಗೆ ಅಡುಗೆಯ ಥರ್ಮಾಮೀಟರ್. ಸೆನ್ಸರ್ ತುದಿ ಮಾತ್ರ ಮುಳುಗಲಿ, ತಳ ತಾಗಬಾರದು. ಪಿನ್ನಿಗೆ ಮೀಟರ್ ಸಿಕ್ಕಿಸಿ ಸಣ್ಣ ಉರಿ ಮಾಡಿ. ಅನೇಕ ಗಾಡಿಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 40ಕ್ಕೆ 1,100, 80ಕ್ಕೆ 300ರ ಆಸುಪಾಸು. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಕುದಿಯುವ ನೀರು 100 ಅಂತ ಅಂದುಕೊಳ್ಳಬೇಡಿ. ಹಾಸನದ ಎತ್ತರಕ್ಕೆ 97ರಲ್ಲೇ ಕುದಿಯುತ್ತದೆ.

ಅಂಕಿಗಿಂತ ಅದು ಇಳಿಯುವ ರೀತಿ ಮುಖ್ಯ. ಟ್ಯಾಕ್ಸಿಯವರೊಬ್ಬರ ಗಾಡಿ ತಣ್ಣಗೆ ಸರಿ ಇರುತ್ತಿತ್ತು, ಶಿರಾಡಿ ಘಾಟ್ ಹತ್ತುವಾಗ ಜರ್ಕ್ ಹೊಡೆಯುತ್ತಿತ್ತು. ಅದರ ಸೆನ್ಸರ್ ಒಲೆ ಮೇಲಿಟ್ಟೆ. 2,400, 1,500, 900, ನಯವಾಗಿ ಇಳಿಯುತ್ತಿತ್ತು. 60 ಡಿಗ್ರಿ ದಾಟಿದ ಕೂಡಲೇ ಮೀಟರಿನಲ್ಲಿ ಅಂಕಿಯೇ ಇಲ್ಲ, ಓಪನ್, ಅಂದರೆ ಒಳಗೆ ಸಂಪರ್ಕ ಕಡಿದುಹೋಗಿತ್ತು. ನೀರು ತಣ್ಣಗಾದ ಮೇಲೆ ಮತ್ತೆ ಅಂಕಿ ಬಂತು. ಗ್ಯಾರೇಜಿನಲ್ಲಿ ತಣ್ಣಗೆ ಅಳೆದವರಿಗೆಲ್ಲ ಅದು ಸರಿಯಾಗೇ ಕಂಡಿರುತ್ತದೆ.

ಹೊಸದು ಹಾಕುವಾಗ ಓ ರಿಂಗ್ ಅಥವಾ ವಾಷರ್ ಹೊಸದೇ ಇರಲಿ. ಅಲ್ಯೂಮಿನಿಯಂ ಹೆಡ್ ಆದರೆ ಮೈಬಲ ಹಾಕಿ ತಿರುಗಿಸಬೇಡಿ, ಥ್ರೆಡ್ ಹೋಗುತ್ತದೆ. ಕೂಲಂಟ್ ತುಂಬಿ, ಗಾಳಿ ಹೋಗುವಂತೆ ಬ್ಲೀಡ್ ಮಾಡಿ, ಫ್ಯಾನ್ ಹತ್ತಿ ಆರುವವರೆಗೂ ಅಲ್ಲೇ ನಿಂತು ನೋಡಿ. ಬೇಸಿನ್ನಿನ ಕೂಲಂಟನ್ನು ಚರಂಡಿಗಾಗಲಿ, ಅಂಗಳಕ್ಕಾಗಲಿ ಚೆಲ್ಲಬೇಡಿ. ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸತ್ತೇ ಹೋಗುತ್ತದೆ. ನಾನು ಮುಚ್ಚಳವಿರುವ ಕ್ಯಾನಿಗೆ ಹಾಕಿ, ‘ವಿಷ’ ಅಂತ ಬರೆದು ಎತ್ತರದಲ್ಲಿ ಇಡುತ್ತೇನೆ.