ಹಳೆಯ ವೈಟ್ ಮೆಟಲ್ ರೇಸ್ ಕಾರ್ ಕಿಟ್: ಬಣ್ಣಕ್ಕೆ ಮೊದಲು ನಿಲುವು

1970ರ ದಶಕದಲ್ಲಿ ಬ್ರಿಟನ್ನಿನಲ್ಲಿ ಎರಕ ಹೊಯ್ದ, ನಿಜವಾದ ಕಾರಿನ 1/43 ಅಳತೆಯ ವೈಟ್ ಮೆಟಲ್ (ಮೆತ್ತನೆಯ ಬೂದು ಮಿಶ್ರಲೋಹ) ಕಿಟ್‌ಗಳು, ಅಂದರೆ ನಾವೇ ಜೋಡಿಸಿ ಬಣ್ಣ ಹೊಡೆಯಬೇಕಾದ ಮಾದರಿ ಕಾರುಗಳು, ಈಗಲೂ ಸಿಗುತ್ತವೆ. ಡಬ್ಬಿ ತೆರೆದ ಕೂಡಲೇ ಮನಸ್ಸು ಕುಗ್ಗುತ್ತದೆ: ಮಂಕು ಬೂದಿಬಣ್ಣದ ಒಂದಷ್ಟು ತುಂಡು, ಹಳದಿಗಟ್ಟಿದ ಡೆಕಾಲ್ ಹಾಳೆ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರ, ಅಕ್ಷರಗಳದ್ದು), ಅರ್ಧ ಪುಟದ ಸೂಚನೆ. ಆದರೂ ಇದರಿಂದ ಚೆಂದದ ಕಾರು ಮಾಡಬಹುದು. ಉದಾಹರಣೆಗೆ ಫಾರ್ಮುಲಾ ಒನ್ ರೇಸ್ ಕಾರು ಲೋಟಸ್ 72 ತೆಗೆದುಕೊಳ್ಳೋಣ.

ಮೊದಲು ಯಾವ ವರ್ಷದ ಕಾರು ಎಂದು ಗಟ್ಟಿಮಾಡಿಕೊಳ್ಳಿ. 1970ರಲ್ಲಿ ಯೋಹೆನ್ ರಿಂಟ್ ಓಡಿಸಿದ್ದು ಕೆಂಪು, ಬಿಳಿ, ಚಿನ್ನದ ಬಣ್ಣದ ಕಾರು. ಎಂಜಿನ್ ಮೇಲಿನ ಎಂಟು ತುತ್ತೂರಿಗಳು (ಗಾಳಿ ಒಳಗೆಳೆಯುವ ಕೊಳವೆಗಳು) ಬಯಲಿಗೇ ಕಾಣುತ್ತವೆ, ಟೈರಿಗೆ ಗೀರುಗಳಿವೆ. 1972ರಲ್ಲಿ ಎಮರ್ಸನ್ ಫಿಟ್ಟಿಪಾಲ್ಡಿ ಓಡಿಸಿದ ಕಪ್ಪು-ಚಿನ್ನದ ಕಾರಿಗೆ ಏರ್‌ಬಾಕ್ಸ್ (ಆ ತುತ್ತೂರಿಗಳನ್ನು ಮುಚ್ಚಿ ಗಾಳಿ ಒಯ್ಯುವ ಗೂಡು) ಇದೆ, ಟೈರು ನುಣುಪು. ಹಳೆಯ ಕಿಟ್‌ಗಳಲ್ಲಿ ಇವೆರಡರ ಭಾಗಗಳು ಬೆರೆತಿರಬಹುದು. ಫೋಟೊ ಎದುರಿಗಿಟ್ಟುಕೊಂಡೇ ಕೆಲಸ ಶುರುಮಾಡಿ. ಮುಂದೆ ಹೇಳುವುದು 1970ರ ಕಾರಿನ ಲೆಕ್ಕದಲ್ಲಿ.

ಈ ಲೋಹ ತವರ ಮತ್ತು ಸೀಸದ ಮಿಶ್ರಣ. ಒಣಗಿದ್ದಾಗ ಉಜ್ಜಲೇಬೇಡಿ, ಪುಡಿ ಉಸಿರಿಗೆ ಸೇರುತ್ತದೆ. ನೀರು ಹಚ್ಚಿ ಉಜ್ಜಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ಈ ತುಂಡುಗಳನ್ನು ಅದ್ದಿದ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು. ತುಂಡಿನ ಮೇಲೆ ಬಿಳಿ ಬೂಷ್ಟಿನಂಥ ಪುಡಿ ಕಂಡರೆ ಅದು ಸೀಸ ಕೊಳೆತದ್ದು. ಮರದ ಅಥವಾ ರಟ್ಟಿನ ಡಬ್ಬಿಯಿಂದ ಹೊರಡುವ ಆಮ್ಲದ ಆವಿಯಿಂದ ಹೀಗಾಗುತ್ತದೆ. ಒದ್ದೆ ಮಾಡಿ ಉಜ್ಜಿ ತೆಗೆದು, ತೊಳೆದು ಒಣಗಿಸಿ, ಬೇಗ ಪ್ರೈಮರ್ (ಬಣ್ಣಕ್ಕೆ ಮೊದಲಿನ ತಳಪದರ) ಹೊಡೆಯಿರಿ.

ಯಾರೋ ಮೊದಲೇ ಜೋಡಿಸಿ ಬಣ್ಣ ಬಳಿದ ಕಾರಾದರೆ ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ಒಂದು ರಾತ್ರಿ ನೆನೆಸಿ. ಬಣ್ಣವೂ ಫೆವಿಕ್ವಿಕ್ಕಿನ ಅಂಟೂ ಬಿಡುತ್ತವೆ, ಲೋಹಕ್ಕೆ ಏನೂ ಆಗುವುದಿಲ್ಲ. ಪ್ಲಾಸ್ಟಿಕ್ ಗಾಜು ಮತ್ತು ಟೈರನ್ನು ಮೊದಲೇ ಬಿಡಿಸಿಡಿ. ಕಾಸ್ಟಿಕ್ ಸೋಡಾ ಬೇಡ, ಅಲ್ಯೂಮಿನಿಯಂ ರಿಮ್ಮನ್ನು ಅದು ತಿಂದುಹಾಕುತ್ತದೆ.

ಎರಕದ ಅಚ್ಚಿನ ಎರಡು ಹೋಳು ಸೇರುವಲ್ಲಿ ಉಳಿದ ಏಣನ್ನು ಅಕ್ಕಸಾಲಿಗರು ಬಳಸುವ ಸಣ್ಣ ಅರದಿಂದ ತೆಗೆಯಿರಿ. ಅರಕ್ಕೆ ಮೊದಲು ಸೀಮೆಸುಣ್ಣ ಉಜ್ಜಿ. ಇಲ್ಲದಿದ್ದರೆ ಮೆತ್ತನೆಯ ಲೋಹ ಅದರ ಹಲ್ಲುಗಳಲ್ಲಿ ಮೆತ್ತಿಕೊಂಡು, ಆ ಗಂಟೇ ಬಾಡಿಯ ಮೇಲೆ ಆಳವಾದ ಗೀರು ಎಳೆಯುತ್ತದೆ. ಆಮೇಲೆ 400, ನಂತರ 600 ನಂಬರಿನ ವಾಟರ್ ಪೇಪರ್. ಬಾಗಿದ ರೆಕ್ಕೆಯನ್ನು ಬಿಸಿನೀರಿನಲ್ಲಿ ಒಂದೆರಡು ನಿಮಿಷ ಇಟ್ಟು, ಒಂದೇ ದಿಕ್ಕಿಗೆ ನಿಧಾನವಾಗಿ ನೆಟ್ಟಗೆ ಮಾಡಿ. ಅತ್ತಿತ್ತ ಬಗ್ಗಿಸಿದರೆ ಮುರಿಯುತ್ತದೆ.

ಇನ್ನು ಮುಖ್ಯ ಕೆಲಸ. ಅಂಟಿಲ್ಲದೆ ಬಾಡಿ, ತಳ, ಆಕ್ಸಲ್, ಚಕ್ರಗಳನ್ನು ಸೇರಿಸಿ ಗಾಜಿನ ಹಲಗೆಯ ಮೇಲೆ ನಿಲ್ಲಿಸಿ. ನಿಜವಾದ ಲೋಟಸ್ 72ರ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 2540 ಮಿ.ಮೀ.; 43ರಿಂದ ಭಾಗಿಸಿದರೆ 59 ಮಿ.ಮೀ. ಅರ್ಧ ಮಿ.ಮೀ. ಹೆಚ್ಚುಕಡಿಮೆ ಕಣ್ಣಿಗೆ ಬೀಳುವುದಿಲ್ಲ, 2 ಮಿ.ಮೀ. ಖಂಡಿತ ಬೀಳುತ್ತದೆ. ಪ್ರತಿ ಟೈರಿನ ಕೆಳಗೂ ಒಂದು ಕಾಗದದ ಚೂರು ತೂರಿಸಿ ನೋಡಿ. ಸಲೀಸಾಗಿ ಜಾರಿದರೆ ಆ ಚಕ್ರ ಗಾಳಿಯಲ್ಲಿದೆ ಎಂದರ್ಥ. ಆಕ್ಸಲ್ ತೂತನ್ನು ಬೇಕಾದ ಕಡೆಗೆ ಅರದಿಂದ ಸ್ವಲ್ಪ ಹಿಗ್ಗಿಸಿ, ತಳದ ಕೆಳಗೆ ರಟ್ಟಿನ ಪಟ್ಟಿ ಒತ್ತುಕೊಟ್ಟು ಎತ್ತರ ಹೊಂದಿಸಿ, ಆಕ್ಸಲ್ ಕೂರುವ ಜಾಗಕ್ಕೆ ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ (ಎಪಾಕ್ಸಿ ಅಂಟು) ಹಾಕಿ 24 ಗಂಟೆ ಮುಟ್ಟದೆ ಬಿಡಿ. ಈ ಕಾರು ಬೆಣೆಯಂತೆ ಮೂಗು ತಗ್ಗಿಸಿ ನಿಲ್ಲಬೇಕು. ಮೂಗು ಮೇಲೆದ್ದರೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಅದು ಆಟಿಕೆಯಂತೆಯೇ ಕಾಣುತ್ತದೆ. ಚಕ್ರದ ಜಾಗವನ್ನು ಕೊನೆಗೆ ನೋಡಿಕೊಂಡರಾಯಿತು ಎನ್ನುವುದರಿಂದಲೇ ಹೆಚ್ಚಿನ ಕಿಟ್‌ಗಳು ಕೆಡುವುದು.

ಹಿಂದಿನ ರೆಕ್ಕೆ, ಸಸ್ಪೆನ್ಶನ್ ತೋಳುಗಳಂಥ ತೆಳು ಭಾಗಗಳು ಬರೀ ಅಂಟಿನಿಂದ ನಿಲ್ಲುವುದಿಲ್ಲ. ಎರಡೂ ಕಡೆ 0.5 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿ ಸೇರಿಸಿ. ಸಾಮಾನ್ಯ ಬೆಸುಗೆ ಕಡ್ಡಿ (ಸೋಲ್ಡರಿಂಗ್ ಐರನ್) ತಗುಲಿಸಿದರೆ ತುಂಡೇ ಕರಗಿ ಹೋಗುತ್ತದೆ. ಬೆಸುಗೆಯೇ ಬೇಕಿದ್ದರೆ 70 ಡಿಗ್ರಿಗೆ ಕರಗುವ ಬೆಸುಗೆಲೋಹ ಮತ್ತು ಶಾಖ ನಿಯಂತ್ರಿಸಬಹುದಾದ ಕಡ್ಡಿ ಇರಲಿ.

ಎಂಟು ತುತ್ತೂರಿಗಳು ಗಟ್ಟಿ ಗುಬುಟುಗಳಾಗಿ ಎರಕಗೊಂಡಿರುತ್ತವೆ. ಸೂಜಿಯಿಂದ ನಡುವೆ ಗುರುತು ಮಾಡಿ, ಮೊದಲು 0.5, ಆಮೇಲೆ 0.8 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ. ಈ ಲೋಹ ಬಿಟ್ಟನ್ನು ಕಚ್ಚಿ ಹಿಡಿಯುತ್ತದೆ. ಬಿಟ್ಟಿಗೆ ಮೇಣ ಸವರಿ, ಎರಡು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ. ಒಂದು ಗಂಟೆಯ ಕೆಲಸ, ಆದರೆ ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಸಣ್ಣ ಗುಳಿಗಳಿಗೆ ಕಾರಿನ ಬಣ್ಣದ ಕೆಲಸಕ್ಕೆ ಬಳಸುವ ಎನ್‌ಸಿ ಪುಟ್ಟಿ, ದೊಡ್ಡ ಸಂದಿಗೆ ಎಪಾಕ್ಸಿ ಪುಟ್ಟಿ. ಬೆರಳ ಜಿಡ್ಡು ಹೋಗುವಂತೆ ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ. ಲೋಹಕ್ಕೆ ಕಚ್ಚುವ ಎಚ್ (etch) ಪ್ರೈಮರನ್ನು 20-25 ಸೆಂ.ಮೀ. ದೂರದಿಂದ ಎರಡು ತೆಳು ಪದರ ಹೊಡೆಯಿರಿ. ದಪ್ಪವಾದರೆ ಪ್ಯಾನೆಲ್ ಗೆರೆಗಳು ಮುಚ್ಚಿಹೋಗುತ್ತವೆ. ಬಿಳಿ ಮೊದಲು, ಕೆಂಪು ಆಮೇಲೆ. ತಿರುವುಮುರುವು ಮಾಡಿದರೆ ಕೆಂಪು ಬಿಳಿಯೊಳಗೆ ಒಸರಿ ನಸುಗುಲಾಬಿಯಾಗುತ್ತದೆ. ಮಳೆಗಾಲದ ತೇವದಲ್ಲಿ ಸ್ಪ್ರೇ ಬಣ್ಣ ಹಾಲಿನಂತೆ ಮಂಕಾಗುತ್ತದೆ, ಬಿಸಿಲು ಬಿದ್ದ ದಿನಕ್ಕೆ ಕಾಯಿರಿ.

ಡೆಕಾಲಿನ ಹಳದಿ ಬಿಳಿ ಬಾಡಿಯ ಮೇಲೆ ಎದ್ದು ಕಾಣುತ್ತದೆ. ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒಂದು ವಾರ ಅಂಟಿಸಿಡಿ, ಬಹುಪಾಲು ತಿಳಿಯಾಗುತ್ತದೆ. ಬೇಡದ ಒಂದನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ಪರೀಕ್ಷಿಸಿ. ಚೂರುಚೂರಾದರೆ ಹಾಳೆಗೆಲ್ಲ ಕ್ಲಿಯರ್ ಲ್ಯಾಕರ್‌ನ ತೆಳು ಪದರ ಕೊಟ್ಟು ಒಣಗಿಸಿ, ಪ್ರತಿಯೊಂದನ್ನೂ ಅಂಚಿಗೇ ಕತ್ತರಿಸಿ ಬಳಸಿ.

ಹಳದಿಯಾದ ಗಾಳಿತಡೆಗೆ ಬದಲಾಗಿ ಪಾರದರ್ಶಕ ಪ್ಯಾಕಿಂಗ್ ಹಾಳೆಯಲ್ಲಿ ಹೊಸದು ಕತ್ತರಿಸಿ, ಫೆವಿಕಾಲಿನಿಂದ ಅಂಟಿಸಿ. ಫೆವಿಕ್ವಿಕ್ಕಿನ ಆವಿ ಅದರ ಮೇಲೆ ಬಿಳಿ ಮಂಜು ಕವಿಸುತ್ತದೆ. ಚಕ್ರಗಳು ಕೊನೆಗೆ ಒಳಗೆ ಹೋಗಲಿ. ಅವು ಕೂರುವ ಜಾಗ ಆಗಲೇ ಸಿದ್ಧವಿದೆ.